ಏಳನೇ ಹೆಸರು

ಭಾನುವಾರ ಸಂಜೆ ನಾಲ್ಕು ಗಂಟೆ ಇಪ್ಪತ್ತು ನಿಮಿಷಕ್ಕೆ ಪಟ್ಟಿಯಲ್ಲಿ ಆರು ಹೆಸರುಗಳಿದ್ದವು. ಬೇಕಾಗಿದ್ದುದು ಏಳು.

ಪಕ್ಕದ ತಾಲ್ಲೂಕಿನ ವಿಜಯಪುರದ ಮೈದಾನದಲ್ಲಿ ಜಿಲ್ಲಾ ಮಹಿಳಾ ಕಬಡ್ಡಿ ಲೀಗಿನ ಫೈನಲ್ ಶುರುವಾಗಲು ನಲವತ್ತು ನಿಮಿಷ ಉಳಿದಿತ್ತು. ದೊಡ್ಡಬಳ್ಳಾಪುರ ತಂಡದ ನಾಯಕಿ ಬಿಂದುಶ್ರೀ ಮ್ಯಾಟ್ ಪಕ್ಕದಲ್ಲಿ ಕುಳಿತು, ತೊಡೆಯ ಮೇಲೆ ಹಾಳೆ ಇಟ್ಟುಕೊಂಡು, ಪೆನ್ನಿನ ಮುಚ್ಚಳ ಕಚ್ಚುತ್ತಿದ್ದಳು. 'ಎಡ ಕಾರ್ನರ್' ಎಂಬಲ್ಲಿ ಜಾಗ ಖಾಲಿ ಇತ್ತು.

ಎದುರಾಳಿಯ ರೈಡರ್ ಒಳಗೆ ನುಗ್ಗಿದಾಗ ಅವಳ ಕಾಲಿಗೆ ಮೊದಲು ಕೈಹಾಕುವವರು ಎರಡು ತುದಿಗಳಲ್ಲಿ ನಿಲ್ಲುವ ಕಾರ್ನರ್‌ಗಳು. ಬಲ ತುದಿ ಬಿಂದುಶ್ರೀಯದು. ಅದರ ಬಗ್ಗೆ ಯಾರೂ ಎರಡು ಮಾತಾಡುವಂತಿರಲಿಲ್ಲ. ಎಡ ತುದಿಗೆ ಇಬ್ಬರಿದ್ದರು. ಒಬ್ಬಳು ಸಿಂಚನ, ಇಪ್ಪತ್ತೆರಡು ವರ್ಷ, ಬಿಂದುಶ್ರೀಯ ಬೀದಿಯವಳೇ, ಎಂಟು ವರ್ಷಗಳಿಂದ ಅದೇ ತುದಿಯಲ್ಲಿ ನಿಂತವಳು. ಇನ್ನೊಬ್ಬಳು ಅಕ್ಷತ. ಹೊಸಕೋಟೆ ತಾಲ್ಲೂಕಿನ ಜಡಿಗೇನಹಳ್ಳಿಯವಳು. ತಂಡಕ್ಕೆ ಬಂದು ಇಪ್ಪತ್ತಮೂರು ದಿನವಾಗಿತ್ತು. ಹೋದ ವರ್ಷದ ಫೈನಲ್‌ನಲ್ಲಿ ಇದೇ ದೊಡ್ಡಬಳ್ಳಾಪುರವನ್ನು ಸೋಲಿಸಿದ ಹೊಸಕೋಟೆ ತಂಡದಲ್ಲಿ ಆಡಿದ್ದವಳು.

ಇವತ್ತಿನ ಎದುರಾಳಿಯೂ ಅದೇ ಹೊಸಕೋಟೆ.

ಕ್ಲಬ್ಬಿನ ಅಧ್ಯಕ್ಷ, ಸೀರೆ ವ್ಯಾಪಾರಿ ರಾಮಾಂಜಿನಪ್ಪ, ಬೆಳಿಗ್ಗೆ ವ್ಯಾನ್ ಹತ್ತುವ ಮುಂಚೆಯೇ ಎಲ್ಲರೆದುರು ಹೇಳಿ ಮುಗಿಸಿದ್ದರು.

"ಎರಡು ವರ್ಷ ಫೈನಲ್‌ಗೆ ಬಂದು ಸೋತ್ರಿ. ಈ ಸಲಾನೂ ಸೋತ್ರೆ ಮುಂದಿನ ವರ್ಷ ಪೂರ್ತಿ ತಂಡಾನ ಹೊರಗಿಂದ ತರ್ತೀನಿ. ನೀವೆಲ್ಲ ಗ್ಯಾಲರೀಲಿ ಕೂತ್ಕೊಂಡು ಚಪ್ಪಾಳೆ ಹೊಡೀರಮ್ಮ."

ಬರೀ ಬಾಯಿಮಾತಿನ ಬೆದರಿಕೆಯಲ್ಲ ಅದು. ಹೊರಗಿನಿಂದ ಎಷ್ಟು ಜನರನ್ನಾದರೂ ತರಲು ಲೀಗಿನ ನಿಯಮ ಬಿಡುತ್ತಿತ್ತು. ಅಕ್ಷತಳನ್ನು ಮಾತಾಡಿ ಕರೆತಂದವರೂ ಅವರೇ.

ಬಿಂದುಶ್ರೀ ತಲೆಯೆತ್ತಿ ನೋಡಿದಳು. ಮ್ಯಾಟಿನ ಆ ಬದಿಯಲ್ಲಿ ಅಕ್ಷತ ಮಂಡಿ ತಿರುವುತ್ತಿದ್ದಳು. ಈ ಬದಿಯಲ್ಲಿ ಸಿಂಚನ ಬೆರಳುಗಳಿಗೆ ಟೇಪ್ ಸುತ್ತುತ್ತಿದ್ದಳು. ಇಬ್ಬರೂ ಹಾಳೆಯ ಕಡೆ ನೋಡಲಿಲ್ಲ. ನೋಡದೇ ಇರಲು ಇಬ್ಬರೂ ಎಷ್ಟು ಕಷ್ಟಪಡುತ್ತಿದ್ದಾರೆಂಬುದು ಮಾತ್ರ ಚೆನ್ನಾಗಿ ಕಾಣುತ್ತಿತ್ತು.

ಅಕ್ಷತ ಬಂದ ಮೊದಲ ಆರು ದಿನ ತಂಡ ಹಾಳಾಗಿಹೋಗಿತ್ತು. ಅದಕ್ಕೆ ಬೇರೆ ಪದವಿಲ್ಲ.

ಅಭ್ಯಾಸ ನಾಗರಕೆರೆಯ ಹತ್ತಿರದ ಬಯಲಿನಲ್ಲಿ, ಬೆಳಿಗ್ಗೆ ಆರಕ್ಕೆ. ಹುಡುಗಿಯರೆಲ್ಲ ನೇಕಾರರ ಮನೆಯವರು. ಎಂಟೂವರೆಗೆ ಮಗ್ಗದ ಮುಂದೆ ಇರಬೇಕಾದವರು. ತರಬೇತಿ ಕೊಡುವ ಮುನಿರಾಜ್ ಕೂಡ ಮಗ್ಗಕ್ಕೆ ಹಾಸಿನ ನೂಲು ಸುತ್ತುವ ಕೆಲಸದವನು, ಹಳೆಯ ಕಬಡ್ಡಿ ಆಟಗಾರ. ಅಕ್ಷತ ಎಡ ತುದಿಯಲ್ಲಿ ನಿಂತು, ರೈಡರ್ ಹೆಜ್ಜೆ ತಪ್ಪಿದ ಕ್ಷಣದಲ್ಲಿ "ಹಿಡೀ!" ಎಂದು ಕೂಗುತ್ತ ಕಾಲಿಗೆ ಬೀಳುತ್ತಿದ್ದಳು. ಹಿಡಿತ ಕಬ್ಬಿಣದಂಥದ್ದು. ಆದರೆ ಉಳಿದ ಆರು ಜನ ಕಂಬಗಳಂತೆ ನಿಂತಿರುತ್ತಿದ್ದರು. ರೈಡರ್ ಕೊಸರಿಕೊಂಡು ಗೆರೆ ಮುಟ್ಟಿಬಿಡುತ್ತಿದ್ದಳು. ಹೀಗೆ ಒಂದು ದಿನವಲ್ಲ, ಆರು ದಿನ.

ಆರನೆಯ ದಿನ ಅಕ್ಷತ ಎದ್ದು ನಿಂತು ಮೈಮೇಲಿನ ಮಣ್ಣನ್ನೂ ಕೊಡವಲಿಲ್ಲ.

"ಏನ್ರೇ, ಕಿವುಡಾ ನೀವೆಲ್ಲ? ಗಂಟಲು ಹರ್ಕೊಂಡು ಕೂಗ್ತಿದೀನಿ, ಒಬ್ಬಳೂ ಅಲ್ಲಾಡಲ್ವಲ್ಲ!"

ಹೊರಗೆ ನಿಂತು ತನ್ನ ಸರದಿ ಕಾಯುತ್ತಿದ್ದ ಸಿಂಚನ ಸುಮ್ಮನಿರಲಿಲ್ಲ. "ಕೂಗೋಕೆ ಇದೇನು ನಿಮ್ಮ ಹೊಲಾನಾ, ಹಂದಿ ಓಡಿಸೋಕೆ? ಬಿಂದು ಅಕ್ಕ ಅಷ್ಟು ಹೊತ್ತಿಂದ ಕೈ ತೋರಿಸ್ತಾ ಇರ್ಲಿಲ್ವಾ? ಒಂದ್ಸಲನಾದ್ರೂ ತಿರುಗಿ ನೋಡಿದ್ಯಾ ನೀನು? ದೊಡ್ಡ ಕ್ಲಬ್ಬಿಂದ ಬಂದವಳು ಅಂತ ಕೊಬ್ಬು."

"ನಿಮ್ಮ ಬೀದಿಯವಳ ಜಾಗಕ್ಕೆ ಬಂದೆ ಅಂತ ಎಲ್ಲಾರೂ ಮಾತಾಡ್ಕೊಂಡೇ ನನ್ನ ಕೈ ಬಿಡ್ತಿದೀರ. ಗೊತ್ತಾಗುತ್ತೆ ನಂಗೆ."

ಮುನಿರಾಜ್ ಸೀಟಿ ಊದಿದ. ಅಂದಿನ ಅಭ್ಯಾಸ ಅಲ್ಲಿಗೆ ಮುಗಿಯಿತು.

ಅದೇ ಮಧ್ಯಾಹ್ನ ಎರಡು ಗಂಟೆಗೆ ಅಕ್ಷತ ಬಿಂದುಶ್ರೀಯ ಮನೆಯ ಹಿಂದಿನ ಮಗ್ಗದ ಶೆಡ್ಡಿಗೆ ಬಂದಳು. ಊರಿಗೆ ವಾಪಸ್ ಹೋಗುತ್ತೇನೆಂದು ಹೇಳಿಹೋಗಲು ಬಂದಿದ್ದಳು. ಬ್ಯಾಗು ಹೆಗಲಲ್ಲೇ ಇತ್ತು. ಬಾಗಿಲಲ್ಲಿ ನಿಂತು "ಅಕ್ಕಾ" ಎಂದಳು. ಯಾರೂ ತಿರುಗಲಿಲ್ಲ. ಇನ್ನೂ ಜೋರಾಗಿ ಕೂಗಿದಳು. ಮೂರನೆಯ ಸಲ ಹೊಲದ ಈ ಬದುವಿನಿಂದ ಆ ಬದುವಿಗೆ ಕೂಗುವ ಹಾಗೆ, ಹೊಟ್ಟೆಯಿಂದ ಕೂಗಿದಳು. ಎಂಟು ಮಗ್ಗಗಳು ಒಟ್ಟಿಗೆ ಓಡುತ್ತಿದ್ದವು. ಅವಳ ದನಿ ಅವಳಿಗೇ ಕೇಳಿಸಲಿಲ್ಲ.

ಮೂರನೆಯ ಮಗ್ಗದ ಹತ್ತಿರ ನಿಂತಿದ್ದ ಬಿಂದುಶ್ರೀಯ ತಾಯಿ ಅನುಸೂಯಮ್ಮನ ಕಣ್ಣು ಬಾಗಿಲ ಕಡೆ ಹೊರಳಿತು. ಆಕೆ ಬಾಯಿ ತೆರೆಯಲಿಲ್ಲ. ಐದು ಬೆರಳು ಕೂಡಿಸಿ ತುಟಿಗೆ ತಂದು, ಹುಬ್ಬು ಹಾರಿಸಿದರು: ಊಟ ಆಯಿತಾ? ಅಕ್ಷತಳಿಗೆ ಅದು ಅರ್ಥವಾಗಲಿಲ್ಲ. ಅನುಸೂಯಮ್ಮ ಪಕ್ಕದ ಮಗ್ಗದವಳ ಕಣ್ಣೆದುರು ಅಂಗೈ ಆಡಿಸಿ ಬಾಗಿಲ ಕಡೆ ಗದ್ದ ತಿರುಗಿಸಿದರು. ಅವಳು ಅದರಾಚೆಯವಳಿಗೆ. ಅವಳು ಇನ್ನೊಬ್ಬಳಿಗೆ. ಎರಡು ಉಸಿರಿನಷ್ಟು ಹೊತ್ತಿನಲ್ಲಿ ಸುದ್ದಿ ಶೆಡ್ಡಿನ ಆ ತುದಿಯಲ್ಲಿ ಬೆನ್ನು ಮಾಡಿ ನಿಂತಿದ್ದ ಬಿಂದುಶ್ರೀಗೆ ಮುಟ್ಟಿತು. ಅವಳು ಮಗ್ಗ ನಿಲ್ಲಿಸಿ ಹೊರಗೆ ಬಂದಳು.

"ಮೂರು ಸಲ ಕೂಗ್ದೆ ಅಕ್ಕ" ಅಂದಳು ಅಕ್ಷತ.

"ಎಲ್ಲಿಂದ?"

"ಬಾಗಿಲಿಂದ."

ಬಿಂದುಶ್ರೀಗೆ ನಗು ಬಂತು. "ಮಗ್ಗ ಓಡುವಾಗ ಕೂಗಿದ್ರೆ ಯಾರಿಗೆ ಕೇಳುತ್ತೆ ಮಾರಾಯ್ತಿ? ನಾವಿಲ್ಲಿ ಕೂಗೋದೇ ಇಲ್ಲ. ತೊಟ್ಟಿಲಲ್ಲಿ ಇದ್ದಾಗಿಂದ…" ಎಂದವಳು ಅರ್ಧಕ್ಕೇ ನಿಂತಳು. ನಗು ಮುಖದಲ್ಲೇ ಉಳಿದಿತ್ತು, ಅದರ ಹಿಂದೆ ಇನ್ನೇನೋ ಓಡಿತ್ತು. "ಅಯ್ಯೋ. ಅಕ್ಷತಾ. ನಾವು ಕೂಗಿದ್ದನ್ನ ಕೇಳಿಸ್ಕೊಳೋದೇ ಇಲ್ಲ ಕಣೇ."

ನಿಜವೇ. ತಂಡದ ಹುಡುಗಿಯರೆಲ್ಲ ಮಗ್ಗದ ಸದ್ದಿನಲ್ಲಿ ಬೆಳೆದವರು. ದೂರದಲ್ಲಿ ಯಾರೋ ಕೂಗಿದರೆ ಅದು ತಮಗೆ ಸಂಬಂಧಪಟ್ಟದ್ದಲ್ಲ ಎಂದು ಅವರ ಕಿವಿ ಚಿಕ್ಕಂದಿನಲ್ಲೇ ತೀರ್ಮಾನಿಸಿಬಿಟ್ಟಿತ್ತು. ಅವರು ಕಣ್ಣಿನ ಅಂಚಿನಲ್ಲಿ ಕೈಗಳನ್ನು ನೋಡುತ್ತಿದ್ದರು. ಬಿಂದುಶ್ರೀ ತೊಡೆಗೆ ಬೆರಳು ಒತ್ತಿದರೆ ಕಾಯಬೇಕು, ಮುಷ್ಟಿ ಕಟ್ಟಿದರೆ ನುಗ್ಗಬೇಕು. ಇದನ್ನು ಯಾರೂ ಯಾರಿಗೂ ಕಲಿಸಿದ್ದಲ್ಲ. ಹೊಸಬಳಿಗೆ ಹೇಳಿಕೊಡಬೇಕಾದ ವಿಷಯ ಎಂದು ಯಾರಿಗೂ ಹೊಳೆದಿರಲೂ ಇಲ್ಲ. ಅಕ್ಷತಳ ಮನೆಯವರು ಹೂವು, ತರಕಾರಿ ಬೆಳೆಯುವವರು. ಅಲ್ಲಿ ನೀರು ಬಿಡು, ನೀರು ಕಟ್ಟು ಎಂಬುದೆಲ್ಲ ಕೂಗಿನಲ್ಲೇ ಆಗಬೇಕು. ಅವಳ ಕಿವಿ ಕಣ್ಣಿಗಿಂತ ಮುಂದೆ.

ಬಿಂದುಶ್ರೀ ಅವಳ ಹೆಗಲಿಂದ ಬ್ಯಾಗು ಇಳಿಸಿಕೊಂಡಳು. "ಹೊಸಕೋಟೆ ಯಾಕೆ ಬಿಟ್ಟೆ ನೀನು? ಇಲ್ಲೀವರ್ಗೂ ಕೇಳಿರ್ಲಿಲ್ಲ."

"ಹತ್ತು ವರ್ಷ ಆಡ್ದೆ ಅಲ್ಲಿ. ನನ್ನ ಜಾಗಕ್ಕೆ ತಮಿಳ್ನಾಡಿಂದ ಒಬ್ಬಳನ್ನ ತಂದ್ರು." ಅಕ್ಷತ ಚಪ್ಪಲಿಯ ತುದಿಯಿಂದ ನೆಲ ಕೆರೆದಳು. "ಸಿಂಚನ ನನ್ನನ್ನ ಹೆಂಗೆ ನೋಡ್ತಾಳೋ, ನಾನೂ ಅವಳನ್ನ ಹಂಗೇ ನೋಡ್ತಿದ್ದೆ."

ಮರುದಿನದಿಂದ ಎರಡೂ ಕಡೆ ಪಾಠ ಶುರುವಾಯಿತು. ಅಕ್ಷತ ದಿನವೂ ಮಧ್ಯಾಹ್ನ ಒಂದು ಗಂಟೆ ಶೆಡ್ಡಿನಲ್ಲಿ ಕೂತಳು. ಅನುಸೂಯಮ್ಮ ಕೈಸನ್ನೆಯಲ್ಲೇ ಅವಳ ಮದುವೆ ವಿಚಾರ ಕೇಳಿ, ಗೋತ್ರ ಕೇಳಿ, ಸಾರಿಗೆ ಏನು ಹಾಕುತ್ತೀರೆಂದು ಕೇಳಿ, ಉತ್ತರ ತಪ್ಪಿದಾಗಲೆಲ್ಲ ತಲೆ ಚಚ್ಚಿಕೊಂಡರು. ಇತ್ತ ಬಯಲಿನಲ್ಲಿ ಮುನಿರಾಜ್ ಹುಡುಗಿಯರ ಕಣ್ಣಿಗೆ ದುಪಟ್ಟಾ ಕಟ್ಟಿಸಿ, ಅಕ್ಷತ ಕೂಗಿದ ದಿಕ್ಕಿಗೆ ಹಾರಬೇಕೆಂದ.

"ಕಿವಿ ಇರೋದು ಓಲೆ ಹಾಕ್ಕೊಳಕ್ಕೆ ಮಾತ್ರ ಅಲ್ಲ ಕಣ್ರಮ್ಮ! ಹಾರು ಅಂದ್ರೆ ಹಾರ್ಬೇಕು!"

ಮೊದಲ ದಿನ ಒಬ್ಬರ ತಲೆ ಒಬ್ಬರಿಗೆ ಬಡಿದು ಇಬ್ಬರಿಗೆ ಹಣೆ ಊದಿ ಬೋರೆ ಬಂತು. ಹತ್ತನೆಯ ದಿನದ ಹೊತ್ತಿಗೆ ಕೂಗು ಬಾಯಿಂದ ಪೂರ್ತಿ ಹೊರಬೀಳುವ ಮುಂಚೆಯೇ ಅವರು ಹಾರುತ್ತಿದ್ದರು. ಎಲ್ಲರಿಗಿಂತ ಬೇಗ ಕಲಿತವಳು ಸಿಂಚನ. ಹಠಕ್ಕೆ ಕಲಿತಳು. ಅಕ್ಷತಳ ಜೊತೆ ಒಂದು ಮಾತೂ ಆಡದೆ, ಅವಳ ದನಿಯನ್ನು ಮಾತ್ರ ಕಲಿತಳು.

ನಾಲ್ಕು ಗಂಟೆ ಮೂವತ್ತೈದು ನಿಮಿಷ. ಮುನಿರಾಜ್ ಬಂದು ಹಾಳೆ ಇಣುಕಿ ನೋಡಿದ. "ಇನ್ನೂ ಬರೆದಿಲ್ವೇನಮ್ಮ? ರೆಫರಿ ಮೇಜಿನ ಹತ್ರ ಕೇಳ್ತಾವ್ರೆ."

"ನೀವೇ ಹೇಳಿ ಅಣ್ಣ."

"ನಾಯಕಿ ನೀನು. ನಾನು ಹೇಳಿ, ನಾಳೆ ಬೀದೀಲಿ ಸಿಂಚನನ ಅಮ್ಮನ ಹತ್ರ ಯಾರು ಬೈಸ್ಕೊಳ್ಳೋದು?"

ಬಿಂದುಶ್ರೀ ಲೆಕ್ಕ ಹಾಕಿದಳು. ಹೊಸಕೋಟೆಯ ಮುಖ್ಯ ರೈಡರ್ ನಾಗಶ್ರೀ ಹೋದ ವರ್ಷದ ಫೈನಲ್‌ನಲ್ಲಿ ಒಬ್ಬಳೇ ಹದಿನಾಲ್ಕು ಪಾಯಿಂಟ್ ತೆಗೆದಿದ್ದಳು. ಅಕ್ಷತ ಹತ್ತು ವರ್ಷ ಅವಳ ಜೊತೆ ಅಭ್ಯಾಸ ಮಾಡಿದವಳು. ಅವಳ ಯಾವ ಹೆಜ್ಜೆ ಸುಳ್ಳು, ಯಾವುದು ನಿಜ ಎಂದು ಬಲ್ಲವಳು. ಪೆನ್ನು ಹಾಳೆಗೆ ತಾಗಿತು. ಏಳನೆಯ ಹೆಸರು: ಅಕ್ಷತ.

ಸಿಂಚನ ಸುರುಳಿಯಿಂದ ಟೇಪು ಹರಿದಳು. ಕೂತಲ್ಲಿಂದಲೇ ಕೇಳಿದಳು. "ಎಂಟು ವರ್ಷ ಕಣಕ್ಕ."

"ಗೊತ್ತು."

"ಗೊತ್ತಿದ್ದೂ ಬರೆದ್ಯಾ?"

ಬಿಂದುಶ್ರೀ ಹಾಳೆ ಮಡಿಚಿ ಮುನಿರಾಜ್ ಕೈಗೆ ಕೊಟ್ಟಳು. ಸಿಂಚನ ಬೆರಳಿನ ಟೇಪು ಬಿಚ್ಚಲಿಲ್ಲ. ಅದರ ಸಮೇತ ಹೋಗಿ ಬದಲಿ ಆಟಗಾರರ ಬೆಂಚಿನ ಕೊನೆಯಲ್ಲಿ ಕೂತಳು.

ಐದು ಗಂಟೆ ಎರಡು ನಿಮಿಷಕ್ಕೆ ಸೀಟಿ ಕೂಗಿತು, ಮತ್ತು ಮೈದಾನ ಎದ್ದುನಿಂತಿತು. ದೊಡ್ಡಬಳ್ಳಾಪುರದಿಂದ ಎರಡು ವ್ಯಾನು, ಒಂದು ಟೆಂಪೊ ತುಂಬ ಜನ ಬಂದಿದ್ದರು. ಹೊಸಕೋಟೆಯವರು ತಮಟೆ ತಂದಿದ್ದರು. ತಮಟೆಗೆ ಯಾರ ಕಿವಿಯೂ ಉಳಿಯಲಿಲ್ಲ. ಆದರೆ ದೊಡ್ಡಬಳ್ಳಾಪುರದ ಹುಡುಗಿಯರಿಗೆ ಅದು ಅವರ ಮನೆಯ ಸದ್ದಿಗಿಂತ ಕಡಿಮೆಯೇ. ಬೆರಳು ತೊಡೆಗೆ ಒತ್ತಿತು, ಮುಷ್ಟಿ ಕಟ್ಟಿತು, ಏಳು ಜನ ಒಂದೇ ಮೈಯಂತೆ ಮುಚ್ಚಿಕೊಂಡರು. ನಾಗಶ್ರೀ ಎಡಕ್ಕೆ ಬಂದಾಗಲೆಲ್ಲ ಅಕ್ಷತ ಅವಳಿಗಿಂತ ಅರ್ಧ ಹೆಜ್ಜೆ ಮುಂದಿದ್ದಳು. ಮೊದಲ ಹದಿನೈದು ನಿಮಿಷದಲ್ಲಿ ಅಕ್ಷತಳ ಹಿಡಿತಗಳು ನಾಲ್ಕು. ಸ್ಕೋರು 14–12, ದೊಡ್ಡಬಳ್ಳಾಪುರ ಮುಂದೆ.

ವಿರಾಮದಲ್ಲಿ ರಾಮಾಂಜಿನಪ್ಪ ಪಕ್ಕದವರಿಗೆಲ್ಲ ಹೇಳುತ್ತಿದ್ದರು: "ಹೆಂಗೆ? ನಾನು ತಂದ ಹುಡುಗಿ!"

ಹೊಸಕೋಟೆಯವರು ದಡ್ಡರಾಗಿರಲಿಲ್ಲ. ದ್ವಿತೀಯಾರ್ಧದಲ್ಲಿ ನಾಗಶ್ರೀ ಎಡಕ್ಕೆ ತಲೆ ಹಾಕಲೇ ಇಲ್ಲ. ನೇರ ಬಲಕ್ಕೆ, ಬಿಂದುಶ್ರೀಯ ಕಡೆಗೆ. ಮೊದಲು ಪಾದದ ತುದಿ ಮುಟ್ಟಿದಳು. ಆಮೇಲೆ ಭುಜ. ಬಿಂದುಶ್ರೀ ಹೊರಗೆ ಹೋದಳು, ಬಂದಳು, ಮತ್ತೆ ಹೋದಳು. ತಾನು ಒಂದು ಕ್ಷಣ ತಡವಾಗುತ್ತಿದ್ದೇನೆಂದು ಅವಳಿಗೆ ತಿಳಿಯುತ್ತಿತ್ತು. ಎರಡು ವರ್ಷ ತನ್ನ ಎದುರು ಆಡಿದ ನಾಗಶ್ರೀ ತನ್ನನ್ನು ಕಂಠಪಾಠ ಮಾಡಿಟ್ಟುಕೊಂಡಿದ್ದಾಳೆಂಬುದೂ ತಿಳಿಯುತ್ತಿತ್ತು. ಐದು ಸಲ ಮುಟ್ಟಿದಳು. ಐದೂ ಬಲ ತುದಿಯಲ್ಲೇ.

ಒಂದು ನಿಮಿಷ ನಲವತ್ತು ಸೆಕೆಂಡು ಉಳಿದಿರುವಾಗ ಸ್ಕೋರು 26–27. ಮುಂದಿನ ರೈಡು ಹೊಸಕೋಟೆಯದು. ಬಿಂದುಶ್ರೀ ಸೇರಿ ದೊಡ್ಡಬಳ್ಳಾಪುರದ ಆರು ಜನ ಅಂಕಣದಲ್ಲಿದ್ದರು, ಒಬ್ಬಳು ಔಟಾಗಿ ಹೊರಗಿದ್ದಳು. ಮುನಿರಾಜ್ ಟೈಮ್‌ಔಟ್ ಕೇಳಿದ. ಸಿಕ್ಕುವುದು ಮೂವತ್ತು ಸೆಕೆಂಡು.

ಎಲ್ಲರೂ ಒಟ್ಟಿಗೆ ಮಾತಾಡಿದರು. ಅಕ್ಷತ ಮಾತ್ರ ಬಿಂದುಶ್ರೀಯ ಮುಂಗೈ ಹಿಡಿದಳು.

"ಅಕ್ಕ, ಬೇಜಾರು ಮಾಡ್ಕೋಬೇಡ. ಅವಳು ನಿನ್ನ ಓದ್ಬಿಟ್ಟವ್ಳೆ. ಈಗಲೂ ನಿನ್ನ ಕಡೇನೇ ಬರ್ತಾಳೆ."

"ಬಲಗಡೆ ಆಡ್ತೀಯಾ?" ಅಂದಳು ಬಿಂದುಶ್ರೀ.

"ಚಿಕ್ಕವಳಿದ್ದಾಗ ಅಲ್ಲೇ ಆಡ್ತಿದ್ದಿದ್ದು."

"ಹಂಗಾದ್ರೆ ನೀನು ಬಲಕ್ಕೆ. ಸಿಂಚನ ಎಡಕ್ಕೆ."

"ಮತ್ತೆ ನೀನು?" ಮುನಿರಾಜ್ ಕೇಳಿದ.

"ನಾನು ಹೊರಗೆ."

"ತಲೆ ಕೆಟ್ಟಿದ್ಯೇನಮ್ಮ? ಫೈನಲ್‌ನಲ್ಲಿ ನಾಯಕಿ ಹೊರಗೆ ಕೂರೋದಾ?"

"ಹೆಸರು ಬರೆಯೋಳು ನಾನೇ ಅಂದ್ರಲ್ಲ ಅಣ್ಣ. ಬೇಗ ಬದಲಿಗೆ ಕೈ ಎತ್ತಿ, ಟೈಮ್ ಹೋಗ್ತಿದೆ."

ಹತ್ತು ಸೆಕೆಂಡು ಉಳಿದಿತ್ತು. ಸಿಂಚನ ಬೆಂಚಿನಿಂದ ಎದ್ದವಳು ಓಡಲಿಲ್ಲ, ಹಾರಿದಳು. ಬಿಂದುಶ್ರೀಯ ಪಕ್ಕದಿಂದ ಹಾದುಹೋಗುವಾಗ ಒಂದೇ ಮಾತು ಅಂದಳು: "ಇಷ್ಟು ತಡವಾಗಾ?"

"ಹೋಗೇ!"

ನಾಗಶ್ರೀ ಬಂದಳು. ನೇರ ಬಲಕ್ಕೆ. ಅಲ್ಲಿ ಅಕ್ಷತಳನ್ನು ನೋಡಿ ಅವಳ ಹೆಜ್ಜೆ ಒಂದು ಗೇಣು ತಡವರಿಸಿತು. ಅಷ್ಟೇ ಸಾಕಾಯಿತು. "ಹಿಡೀ!" ಅಕ್ಷತ ತೊಡೆಗೆ ಬಿದ್ದಳು, ಮತ್ತು ಆ ಕೂಗಿನ ಹಿಂದೆಯೇ ಆ ತುದಿಯಿಂದ ಸಿಂಚನ ಬಾಣದಂತೆ ಬಂದು ಸೊಂಟಕ್ಕೆ ಕೈಹಾಕಿದಳು. 27–27. ತಮಟೆ ನಿಂತಿತು. ಔಟಾಗಿ ಕೂತಿದ್ದವಳು ಒಳಗೆ ಬಂದಳು. ಮತ್ತೆ ಏಳು ಜನ.

ದೊಡ್ಡಬಳ್ಳಾಪುರದ ರೈಡರ್ ಮೋನಿಷ ಹೋಗಿ ಬರಿಗೈಲಿ ಬಂದಳು. ಹೊಸಕೋಟೆಯ ಇನ್ನೊಬ್ಬಳು ಬಂದು ನಡುವಿನಲ್ಲಿದ್ದವಳ ಮೊಣಕೈ ಮುಟ್ಟಿ ಓಡಿದಳು. 27–28. ತಮಟೆ ಮತ್ತೆ ಶುರು. ಆ ಪಾಯಿಂಟಿನಿಂದ ನಾಗಶ್ರೀ ಒಳಗೆ ಬಂದಳು. ನಲವತ್ತು ಸೆಕೆಂಡು. ಮೋನಿಷ ಈ ಸಲ ಕಾಯಲಿಲ್ಲ. ಗೆರೆ ದಾಟಿದ್ದೇ ಹಿಂಗಾಲು ಬೀಸಿದಳು, ಒಬ್ಬಳ ಮಂಡಿಗೆ ತಾಗಿತು. 28–28. ಇಪ್ಪತ್ತೈದು ಸೆಕೆಂಡು.

ಬಿಂದುಶ್ರೀ ಗೆರೆಯಾಚೆ ನಿಂತಿದ್ದಳು. ಕೂಗಿ ಕೂಗಿ ಗಂಟಲು ಹೋಗಿತ್ತು. ಅವಳು ಮುಷ್ಟಿ ಕಟ್ಟಿದಳು, ಬಿಚ್ಚಿದಳು. ಒಳಗಿದ್ದ ಯಾರೂ ಅವಳ ಕಡೆ ನೋಡುತ್ತಿರಲಿಲ್ಲ. ಅವರ ಏಳು ಜೋಡಿ ಕಣ್ಣೂ ನಾಗಶ್ರೀಯ ಕಾಲ ಮೇಲೆ.

ನಾಗಶ್ರೀ ಹತ್ತು ಸೆಕೆಂಡು ಸುಮ್ಮನೆ ಅಲೆದಳು. ಬಲಕ್ಕೆ ಒಂದು ಸುಳ್ಳು ಹೆಜ್ಜೆ ಇಟ್ಟಳು, ಅಕ್ಷತ ಕದಲಲಿಲ್ಲ. ಆಮೇಲೆ ಒಮ್ಮೆಲೇ ಎಡಕ್ಕೆ ತಿರುಗಿ, ದಾಟಿದರೆ ಒಂದು ಪಾಯಿಂಟು ಸಿಗುವ ಬೋನಸ್ ಗೆರೆಗೆ ಕಾಲು ಚಾಚಿದಳು. ಆ ಕಾಲು ಗೆರೆಯಾಚೆ ಇಳಿಯುವ ಮುಂಚೆಯೇ ಸಿಂಚನ ಹಿಮ್ಮಡಿಗೆ ಬಿದ್ದಿದ್ದಳು. ಯಾರೂ ಕೂಗಿರಲಿಲ್ಲ, ಯಾರೂ ಕೈ ತೋರಿಸಿರಲಿಲ್ಲ. ಕೈ ಜಾರಿದರೆ ಪಾಯಿಂಟು ಅವರದು, ಪಂದ್ಯ ಅವರದು. ನಾಗಶ್ರೀ ಎಳೆದಳು. ಟೇಪು ಸುತ್ತಿದ ಬೆರಳುಗಳು ಬಿಡಲಿಲ್ಲ. ನಾಗಶ್ರೀ ನೆಲಕ್ಕೆ ಕೈಯೂರಿ ಮಧ್ಯದ ಗೆರೆಯತ್ತ ತೆವಳಿದಳು, ಸಿಂಚನ ಅವಳ ಹಿಂದೆ ಮ್ಯಾಟಿನ ಮೇಲೆ ಎಳೆದುಕೊಂಡು ಹೋಗುತ್ತಿದ್ದಳು. ಗೆರೆಗೆ ಒಂದು ಮೊಳ. ಅಷ್ಟರಲ್ಲಿ ಆ ತುದಿಯಿಂದ ಓಡಿಬಂದ ಅಕ್ಷತ ಇಬ್ಬರ ಮೇಲೂ ಬಿದ್ದಳು. ಅವಳ ಮೇಲೆ ಉಳಿದ ಐವರೂ ಬಿದ್ದರು.

ರೆಫರಿಯ ಕೈ ದೊಡ್ಡಬಳ್ಳಾಪುರದ ಕಡೆ ಎದ್ದಿತು. 29–28. ಉಳಿದ ಸೆಕೆಂಡುಗಳನ್ನು ಮೋನಿಷ ಗೆರೆಯ ಹತ್ತಿರವೇ ಕುಣಿದು ಕಳೆದಳು. ಉದ್ದನೆಯ ಸೀಟಿ ಬಂತು.

ಬಿಂದುಶ್ರೀ ಅಂಕಣಕ್ಕೆ ನುಗ್ಗಿದಾಗ ಅಕ್ಷತ ಮತ್ತು ಸಿಂಚನ ಇನ್ನೂ ಮ್ಯಾಟಿನ ಮೇಲೆಯೇ ಬಿದ್ದಿದ್ದರು.

"ನನ್ನ ಪಕ್ಕೆ ಮುರಿದೆಯಲ್ಲೇ, ಎದ್ದೇಳೇ ಮೇಲಿಂದ" ಅನ್ನುತ್ತಿದ್ದಳು ಸಿಂಚನ. ಇಪ್ಪತ್ತಮೂರು ದಿನಗಳಲ್ಲಿ ಜಗಳ ಬಿಟ್ಟರೆ ಅವಳು ಅಕ್ಷತಳಿಗೆ ಆಡಿದ ಮೊದಲ ಮಾತು ಅದು.

"ನಾನು ಬರ್ದೇ ಇದ್ರೆ ಅವಳು ನಿನ್ನ ಹೊಸಕೋಟೆವರ್ಗೂ ಎಳ್ಕೊಂಡು ಹೋಗ್ತಿದ್ಲು" ಅಂದಳು ಅಕ್ಷತ.

ಬಿಂದುಶ್ರೀ ಇಬ್ಬರ ಮೇಲೂ ಬಿದ್ದು ಅತ್ತಳು, ನಕ್ಕಳು. ಗಂಟಲಿನಲ್ಲಿ ದನಿ ಇರಲಿಲ್ಲವಾದ್ದರಿಂದ ಎರಡೂ ಒಂದೇ ಥರ ಕೇಳಿಸಿತು. ಟೆಂಪೊದಲ್ಲಿ ಬಂದಿದ್ದವರು ಮ್ಯಾಟಿಗೇ ನುಗ್ಗಿ ಹುಡುಗಿಯರನ್ನು ಎತ್ತಿಕೊಂಡರು. ಅನುಸೂಯಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ ಹೊಸಕೋಟೆಯವರ ತಮಟೆಗೇ ಕುಣಿದರು. ಬಾರಿಸುತ್ತಿದ್ದವನು ಸೋತ ಊರಿನವನಾದರೂ ನಿಲ್ಲಿಸಲಿಲ್ಲ.

ರಾಮಾಂಜಿನಪ್ಪ ಟ್ರೋಫಿಯ ಒಂದು ಹಿಡಿ ಹಿಡಿದು ಫೋಟೊಗೆ ನಿಂತರು. "ನಾನೇ ಅಲ್ವಾ ಅಕ್ಷತನ್ನ ತಂದಿದ್ದು? ನಾನು ತರ್ದೇ ಇದ್ರೆ?"

"ಹೌದು ಸಾರ್" ಅಂದ ಮುನಿರಾಜ್. "ಮಿಕ್ಕ ಹುಡ್ಗೀರ್ನೂ ನೀವೇ ಹೆತ್ತಿದ್ದು. ನಾವು ಸುಮ್ನೆ ಜೊತೇಲಿ ಬಂದ್ವಿ."

ಅಧ್ಯಕ್ಷರು ಬೇರೆ ದಾರಿ ಕಾಣದೆ ನಕ್ಕರು. ಮುಂದಿನ ವರ್ಷ ಯಾರನ್ನೂ ಹೊರಗಿನಿಂದ ತರುವುದಿಲ್ಲ ಎಂದು ಫೋಟೊ ತೆಗೆಯುತ್ತಿದ್ದ ವರದಿಗಾರನಿಗೆ ಹೇಳಿ, ಬರೆದುಕೊಳ್ಳಪ್ಪಾ ಎಂದು ಎರಡು ಸಲ ಒತ್ತಿದರು. ಆ ಮಾತನ್ನು ಅವರು ಉಳಿಸಿಕೊಂಡರು. ಅಕ್ಷತ ತಂಡದಲ್ಲೇ, ಎಡ ತುದಿಯಲ್ಲೇ ಉಳಿದಳು.

ಹನ್ನೊಂದು ದಿನಗಳ ನಂತರ ಹೊಸಕೋಟೆ ಕ್ಲಬ್ಬಿನ ಇಬ್ಬರು ದೊಡ್ಡಬಳ್ಳಾಪುರಕ್ಕೆ ಬಂದು, ತಮ್ಮ ತಂಡದಲ್ಲಿ ತಮಿಳುನಾಡಿನವಳ ಜಾಗಕ್ಕೆ, ಎಡ ಕಾರ್ನರ್ ಆಗಿ ಆಡಲು ಸಿಂಚನಳನ್ನು ಕೇಳಿದರು. ಅವಳು ಒಂದು ದಿನ ಯೋಚಿಸಿ ಒಪ್ಪಿಕೊಂಡಳು.